ಬಿಸಿಯಾದಾಗ ನಿಲ್ಲುವ ಗಾಡಿ

ಮುಂದಿನ ಚಕ್ರಗಳು ರೈಲು ಹಳಿ ದಾಟಿದ್ದವು, ಹಿಂದಿನವು ಇನ್ನೂ ದಾಟಬೇಕಿತ್ತು. ಅಷ್ಟರಲ್ಲಿ ಎಂಜಿನ್ ನಿಂತುಹೋಯಿತು. ಕೆಮ್ಮಲಿಲ್ಲ, ನಡುಗಲಿಲ್ಲ, ಮಾತಿನ ನಡುವೆ ಫೋನ್ ಕಟ್ಟಾದಂತೆ ಸುಮ್ಮನಾಯಿತು. ಅವಳು ಕೀ ತಿರುಗಿಸಿದಳು. ಎಂಜಿನ್ ಗರಗರ ಸುತ್ತಿತೇ ಹೊರತು ಸ್ಟಾರ್ಟ್ ಆಗಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. ಎಡಕ್ಕೆ ನೋಡಿದರೆ ಹಳಿ ಬಿಸಿಲಲ್ಲಿ ಮಿನುಗುತ್ತ ದೂರದ ತಿರುವಿನವರೆಗೆ ಖಾಲಿ ಬಿದ್ದಿತ್ತು. ಬಲಕ್ಕೆ ನೋಡುವ ಧೈರ್ಯ ಬರಲಿಲ್ಲ.

ಗೇಟಿನವನು ತನ್ನ ಕೋಣೆಯಿಂದ ಇಳಿದು ಬಂದ. ಐವತ್ತು ದಾಟಿದ ಆಸಾಮಿ, ಬಾವುಟ ಕಂಕುಳಲ್ಲಿತ್ತು. ಕೂಗಾಡಲಿಲ್ಲ. ಕಿಟಕಿಗೆ ಬಗ್ಗಿ, "ಗೇರ್ ತೆಗೀರಿ ಅಮ್ಮ. ಬ್ರೇಕ್ ಬಿಡಿ. ಇನ್ನೂ ಹನ್ನೊಂದು ನಿಮಿಷ ಇದೆ, ಬೇಕಾದಷ್ಟಾಯ್ತು," ಎಂದ. ಹಿಂದಿದ್ದ ಲಾರಿಯಿಂದ ಇಬ್ಬರು ಇಳಿದರು. ಮೂವರೂ ಸೇರಿ ಕಾರನ್ನು ತಳ್ಳಿ ಆಚೆಯ ಹುಲ್ಲಿನ ಮೇಲೆ ನಿಲ್ಲಿಸಿದರು. ಗೇಟು ಬಿತ್ತು. ರೈಲು ಹೋಯಿತು. ಅದರ ಗಾಳಿಗೆ ಕಾರು ಒಮ್ಮೆ ಅಲ್ಲಾಡಿದಾಗ ಅವಳ ಮಂಡಿಗಳು ತಮ್ಮಷ್ಟಕ್ಕೆ ನಡುಗತೊಡಗಿದವು. ದಿನಾ ಇನ್ನೊಬ್ಬರ ಮಂಡಿ ಹಿಡಿದು ಧೈರ್ಯ ಹೇಳುವುದೇ ಅವಳ ಕಸುಬು. ತನ್ನವಕ್ಕೆ ಏನು ಹೇಳಬೇಕೋ ತಿಳಿಯದೆ ಎರಡು ಕೈಯಲ್ಲೂ ಅವನ್ನು ಒತ್ತಿಹಿಡಿದು ಕೂತಳು.

ಇಪ್ಪತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು, ಏನೂ ಅರಿಯದ ಮಗುವಿನ ಹಾಗೆ.

ಎರಡು ತಿಂಗಳಲ್ಲಿ ಇದು ಒಂಬತ್ತನೆಯ ಸಲ. ಅವಳು ಮನೆ ಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಮಂಡಿ ಬದಲಿಸಿಕೊಂಡವರು, ಪಾರ್ಶ್ವವಾಯು ಬಡಿದವರು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವರು ಅವಳ ದಾರಿ ಕಾಯುತ್ತಿದ್ದರು. ಆ ಕಸುಬಿನ ಹೆಸರು ನಾಲಿಗೆಯಲ್ಲಿ ಹೊರಳದ ಹಿರಿಯರೊಬ್ಬರು ಅವಳನ್ನು 'ವ್ಯಾಯಾಮದಮ್ಮ' ಎಂದು ಕರೆದರು, ಅದೇ ಎಲ್ಲರ ಬಾಯಲ್ಲೂ ನಿಂತಿತು. ದಿನಕ್ಕೆ ಆರು ಮನೆ, ಊರಿನ ಆರು ಮೂಲೆ. ಡಿಕ್ಕಿಯಲ್ಲಿ ಮಡಚುವ ವಾಕರ್, ರಬ್ಬರ್ ಪಟ್ಟಿಗಳು, ಮರಳು ತುಂಬಿದ ಭಾರದ ಚೀಲಗಳು, ಊದಿದ ಮಂಡಿಗೆ ಇಡಲು ಐಸ್ ಪ್ಯಾಕಿನ ಡಬ್ಬ. ಬಸ್ಸಿನಲ್ಲಿ ಇಷ್ಟನ್ನೆಲ್ಲ ಹೊತ್ತು ತಿರುಗುವುದೆಂದರೆ ಆರು ಮನೆ ಎರಡಾಗುತ್ತಿತ್ತು. ಕಾರಿಗೆ ಇಪ್ಪತ್ತು ವರ್ಷ ಆಗಿತ್ತು ನಿಜ. ಆದರೆ ಅದು ಅವಳಿಗೆ ಗಾಡಿಯಾಗಿರಲಿಲ್ಲ, ಕಾಲಾಗಿತ್ತು.

ಮೂರು ಗ್ಯಾರೇಜು ಸುತ್ತಿದ್ದಳು. ಮೊದಲನೆಯವನು ಪ್ಲಗ್ಗು, ಫಿಲ್ಟರ್ ಬದಲಿಸಿದ. ಎರಡನೆಯವನು ಪೆಟ್ರೋಲ್ ಪಂಪೇ ಹೋಗಿದೆ ಎಂದು ಹೊಸ ಪಂಪು ಹಾಕಿದ; ಅವಳು ಕೂಡಿಟ್ಟದ್ದು ಅಲ್ಲಿಗೆ ಮುಗಿಯಿತು. ಮೂರನೆಯವನು ಕಂಪ್ಯೂಟರ್ ಸಿಕ್ಕಿಸಿ ನೋಡಿ, ಯಾವ ದೋಷವೂ ತೋರಿಸುತ್ತಿಲ್ಲ ಮೇಡಂ, ಇದನ್ನು ಕೊಟ್ಟು ಬೇರೆ ತಗೊಳ್ಳಿ ಎಂದ. ತಪ್ಪು ಅವರದೂ ಅಲ್ಲ. ನಿಂತ ಕಾರನ್ನು ಎಳೆಸಿಕೊಂಡು ಹೋಗಿ ಗ್ಯಾರೇಜಿನ ಮುಂದೆ ನಿಲ್ಲಿಸುವಷ್ಟರಲ್ಲಿ ಅದು ಸರಿಯಾಗಿಬಿಡುತ್ತಿತ್ತು. ಮನೆಯಲ್ಲಿ ಎದ್ದು ನಿಲ್ಲಲೂ ಆಗದೆ ನರಳುವ ರೋಗಿ ಡಾಕ್ಟರ ಮುಂದೆ ಚೆನ್ನಾಗಿ ನಡೆದು ತೋರಿಸುವುದನ್ನು ಅವಳೂ ಕಂಡವಳೇ. ಅಚ್ಚುಕೂಟದಲ್ಲಿ ಗುಮಾಸ್ತನಾಗಿದ್ದ ಅವಳ ಗಂಡ, ಹಳಿಯ ಮೇಲೆ ನಿಂತ ಸಂಗತಿ ಕೇಳಿ ಊಟ ಬಿಟ್ಟು ಎದ್ದ. ನಾಳೆಯಿಂದ ಅದನ್ನು ಮುಟ್ಟಬೇಡ, ಗುಜರಿಗೆ ತೂಕಕ್ಕೆ ಹಾಕೋಣ ಎಂದ. ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ನಡೆದಳು.

ಆ ಕಾರಿನ ಎದೆಬಡಿತ ಬಲ್ಲ ಮನುಷ್ಯ ಊರಲ್ಲೇ ಇದ್ದ. ಅವಳ ಸ್ವಂತ ಅಣ್ಣ. ಹತ್ತು ವರ್ಷದ ಹಿಂದೆ ನಾಲ್ಕಾರು ಹಳೆಯ ಕಾರುಗಳನ್ನು ಓಡಿಸಿ, ಬಗ್ಗಿ ಕೇಳಿ, ಇದನ್ನೇ ತಗೋ ಎಂದು ಆರಿಸಿಕೊಟ್ಟವನು ಅವನೇ. ಮೂವತ್ತು ವರ್ಷ ಸ್ವಂತ ಶೆಡ್ ಇಟ್ಟುಕೊಂಡು ಹೆಸರು ಮಾಡಿದ ಮೆಕ್ಯಾನಿಕ್. ಆದರೆ ಅವರಿಬ್ಬರ ನಡುವೆ ಮಾತು ನಿಂತು ನಾಲ್ಕು ವರ್ಷವಾಗಿತ್ತು.

ಆಗ ಅಣ್ಣನ ಬಲಗೈ ನಡುಗಲು ಶುರುವಾಗಿ ವರ್ಷದ ಮೇಲಾಗಿತ್ತು. ಸುಮ್ಮನಿದ್ದಾಗ ಏನೂ ಇಲ್ಲ. ಏನನ್ನಾದರೂ ಹಿಡಿಯಲು ಹೋದರೆ ಬೆರಳುಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಅವನು ಯಾರಿಗೂ ಹೇಳಿರಲಿಲ್ಲ. ಒಂದು ಬೆಳಿಗ್ಗೆ ಅವಳು ಎಣ್ಣೆ ಬದಲಿಸಲು ಶೆಡ್ಡಿಗೆ ಹೋದಾಗ ಒಬ್ಬ ಗಿರಾಕಿ ಕೋಪದಿಂದ ಕೆಂಪಾಗಿ ನಿಂತಿದ್ದ. ಹಿಂದಿನ ದಿನ ಅಣ್ಣ ಚಕ್ರ ಹಾಕಿಕೊಟ್ಟಿದ್ದ ಗಾಡಿಯಲ್ಲಿ ಎರಡು ನಟ್ಟು ಸಡಿಲವಿದ್ದವು. ಓಡುತ್ತಿರುವಾಗಲೇ ಚಕ್ರ ಓಲಾಡಿತಂತೆ, ಒಳಗೆ ಅವನ ಹೆಂಡತಿ ಮಕ್ಕಳು ಇದ್ದರಂತೆ. ಅಣ್ಣ, ನಾನೇ ಕೈಯಾರೆ ಬಿಗಿ ಮಾಡಿದ್ದೇನೆ ಎಂದು ವಾದಿಸುತ್ತಿದ್ದ. ವಾದಿಸುತ್ತಲೇ ಆ ಕೈಯಿಂದ ಸ್ಪ್ಯಾನರ್ ಎತ್ತಿಕೊಳ್ಳಲು ಹೋಗಿ ಎರಡು ಸಲ ತಪ್ಪಿದ. ಅವಳಿಗೆ ಏನಾಯಿತೋ, ಮುಂದೆ ಬಂದು ಅವನ ಮಣಿಕಟ್ಟು ಹಿಡಿದೆತ್ತಿ, ಗಿರಾಕಿಯ ಎದುರು, ಇಬ್ಬರು ಕೆಲಸದವರ ಎದುರು, "ಈ ಕೈ ನೋಡಣ್ಣ. ಈ ಕೈಗೆ ಇನ್ನು ಈ ಕೆಲಸ ಆಗಲ್ಲ. ಮುಗೀತು," ಎಂದಿದ್ದಳು.

ಮೂರು ತಿಂಗಳಲ್ಲಿ ಅವನು ಶೆಡ್ ಖಾಲಿ ಮಾಡಿ ನೀರಿನ ಕ್ಯಾನ್ ಮಾರುವವನಿಗೆ ಬಾಡಿಗೆಗೆ ಕೊಟ್ಟ. ತಂಗಿಯೊಂದಿಗೆ ಮಾತು ಬಿಟ್ಟ. ಅತ್ತಿಗೆ ಮಾತ್ರ ನಡುವಿನ ಬಾಗಿಲನ್ನು ಒಂದು ಗೇಣು ತೆರೆದೇ ಇಟ್ಟಿದ್ದಳು. ವಾರಕ್ಕೊಮ್ಮೆ ಫೋನ್ ಮಾಡುವಳು. ಎರಡೂ ಮನೆಯ ಜ್ವರ, ನೆಗಡಿ, ಮಕ್ಕಳ ಪರೀಕ್ಷೆ ಆ ಸಂದಿಯಿಂದಲೇ ಅತ್ತಿತ್ತ ಹೋಗಿಬರುತ್ತಿದ್ದವು. ಅಣ್ಣ ಏನು ಮಾಡ್ತಾನೆ ಅತ್ತಿಗೆ ಎಂದು ಕೇಳಿದರೆ, "ಏನ್ ಮಾಡ್ತಾರೆ, ಜಗಲಿ ಮೇಲೆ ಕೂತು ರಸ್ತೇಲಿ ಹೋಗೋ ಗಾಡಿಗಳಿಗೆಲ್ಲ ರೋಗ ಹೇಳ್ತಾರೆ. ಬಿಟ್ಟಿ ಡಾಕ್ಟ್ರು," ಎನ್ನುವಳು.

ಹಳಿಯ ಸಂಗತಿ ಅತ್ತಿಗೆಯ ಕಿವಿಗೆ ಬಿದ್ದದ್ದು ಹೇಗೋ. ಮಾರನೆಯ ದಿನವೇ ಫೋನ್ ಬಂತು. ಮೊದಲು ಬೈದಳು, ಆಮೇಲೆ ಅತ್ತಳು. ಕೊನೆಗೆ ದನಿ ಬದಲಿಸಿ ಕೇಳಿದಳು:

"ನಿಂತಾಗ ಸುತ್ತಿನ ಮುಳ್ಳು ಏನಾಯ್ತು?"

"ಯಾವ ಮುಳ್ಳು ಅತ್ತಿಗೆ?"

ಅತ್ತಿಗೆಗೆ ಸೈಕಲ್ಲಿನ ಚೈನ್ ಕೂಡ ಗೊತ್ತಿರಲಿಲ್ಲ. ಹಿಂದಿನಿಂದ ಗಂಡಸಿನ ಸ್ವರ ಕೇಳಿಸಿತು: ಹತ್ತು ವರ್ಷದಿಂದ ಓಡಿಸ್ತಾಳೆ, ಮುಳ್ಳು ಯಾವುದು ಅಂತ ಗೊತ್ತಿಲ್ಲ. ಅತ್ತಿಗೆ ಅದನ್ನು ಸೋಸಿ ಈ ಕಡೆ ದಾಟಿಸಿದಳು. "ಪರವಾಗಿಲ್ಲವಂತೆ. ವೇಗದ ಮುಳ್ಳಿನ ಪಕ್ಕ ಇನ್ನೊಂದು ಇರುತ್ತಂತಲ್ಲ, ಎಂಜಿನ್ ಎಷ್ಟು ಸುತ್ತು ತಿರುಗ್ತಿದೆ ಅಂತ ತೋರಿಸೋದು. ಗಾಡಿ ಇನ್ನೂ ಉರುಳ್ತಾ ಇರುವಾಗಲೇ ಅದು ಸೊನ್ನೆಗೆ ಬಿತ್ತಾ, ಇಲ್ಲ ನಿಧಾನಕ್ಕೆ ಇಳೀತಾ?"

ಅವಳಿಗೆ ನೆನಪಿರಲಿಲ್ಲ. ಇನ್ನು ಮೇಲೆ ನೋಡಬೇಕಂತೆ, ಬರೆದಿಡಬೇಕಂತೆ: ಹೊರಟು ಎಷ್ಟು ಹೊತ್ತಾಗಿತ್ತು, ಟ್ಯಾಂಕಿನಲ್ಲಿ ಎಷ್ಟಿತ್ತು, ಬಿಸಿಲೋ ಮೋಡವೋ, ನಿಂತ ಮೇಲೆ ಎಷ್ಟು ಹೊತ್ತಿಗೆ ಸ್ಟಾರ್ಟ್ ಆಯಿತು. ಹಾಗೆಯೇ ನಿಂತ ಕೂಡಲೇ ಕೀಯನ್ನು ಅರ್ಧ ತಿರುಗಿಸಿ, ಹಿಂದಿನ ಸೀಟಿನ ಕೆಳಗೆ ಎರಡು ಕ್ಷಣ ಗುಂಯ್ ಅನ್ನುವ ಸದ್ದು ಬರುತ್ತದೆಯೇ ಕೇಳಬೇಕಂತೆ. ಬಂದರೆ ಪಂಪು ಬದುಕಿದೆ ಎಂದು ಅರ್ಥ. ಮುಖ್ಯರಸ್ತೆ ಹಿಡಿಯಬಾರದು, ರೈಲು ಗೇಟು ದಾಟಲೇಬಾರದು. ಎಲ್ಲ ಹೇಳಿದ ಮೇಲೆ ಅತ್ತಿಗೆ ಸ್ವರ ತಗ್ಗಿಸಿದಳು. "ನಾನು ಕೇಳಿದ್ದು ಅಂತ ತಿಳ್ಕೋ ಕಣಮ್ಮ."

ಹೊಸ ರೋಗಿಯ ಮನೆಯಲ್ಲಿ ಅವಳು ಕೇಳುವ ಪ್ರಶ್ನೆಗಳೂ ಇಂಥವೇ ಅಲ್ಲವೇ. ಯಾವಾಗ ನೋವು, ಎದ್ದಾಗಲೋ ನಡೆದಾಗಲೋ, ಎಷ್ಟು ಹೊತ್ತು, ಏನು ಮಾಡಿದರೆ ಇಳಿಯುತ್ತದೆ. ರೋಗಿಗಳ ವಿವರ ಬರೆಯುವ ನೋಟ್‌ಬುಕ್ಕಿನಲ್ಲೇ ಒಂದು ಹಾಳೆ ಕಾರಿಗೆ ಬಿಟ್ಟಳು. ಗಂಡನ ಹತ್ತಿರ ಒಂದು ವಾರದ ವಾಯಿದೆ ಕೇಳಿದಳು. ಗೇಟಿನ ಆಚೆಯ ಇಬ್ಬರು ರೋಗಿಗಳಿಗೆ ಫೋನಿನಲ್ಲೇ ವ್ಯಾಯಾಮ ಹೇಳಿ, ಒಳದಾರಿ ಹಿಡಿದು ಉಳಿದ ನಾಲ್ಕು ಮನೆ ಮುಗಿಸತೊಡಗಿದಳು.

ನಾಲ್ಕು ದಿನದಲ್ಲಿ ಮೂರು ಸಲ ನಿಂತಿತು. ಬೆಳಗಿನ ತಂಪಿನಲ್ಲಿ ಒಮ್ಮೆಯೂ ಇಲ್ಲ. ಒಮ್ಮೆ ಮುಕ್ಕಾಲು ಗಂಟೆ ಓಡಿದ ಮೇಲೆ. ಎರಡು ಸಲ, ರೋಗಿಯ ಮನೆಯ ಮುಂದೆ ಬಿಸಿಲಲ್ಲಿ ಅರ್ಧ ಗಂಟೆ ನಿಲ್ಲಿಸಿ ಮತ್ತೆ ಹೊರಟ ಐದೇ ನಿಮಿಷಕ್ಕೆ. ಪಂಪಿನ ಸದ್ದು ಮೂರು ಸಲವೂ ಬಂತು. ಮುಳ್ಳು ಮೂರು ಸಲವೂ ಕಾರು ಉರುಳುತ್ತಿರುವಾಗಲೇ ಕಡಿದು ಹಾಕಿದಂತೆ ಸೊನ್ನೆಗೆ ಬಿತ್ತು. ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದಾಗ ಆ ಕಡೆ ಯಾರೋ ಕುರ್ಚಿ ಸರಿಸಿ ಎದ್ದ ಸದ್ದು ಕೇಳಿಸಿತು.

ಮರುದಿನ ಬೆಳಿಗ್ಗೆ ಅವಳು ಕಾರು ಹೊರತೆಗೆಯುವಾಗ ಅಣ್ಣ ಮನೆಯ ಗೇಟಿನ ಬಳಿ ನಿಂತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಅವನ ಅಂಗಿಯಲ್ಲಿ ಎಣ್ಣೆಕಲೆ ಇಲ್ಲದ್ದು ಅವಳ ಕಣ್ಣಿಗೆ ವಿಚಿತ್ರವಾಗಿ ಕಂಡಿತು. ಬಲಗೈ ಪ್ಯಾಂಟಿನ ಜೇಬಿನಲ್ಲಿತ್ತು, ಎಡಗೈಯಲ್ಲಿ ಒಂದು ಬಟ್ಟೆಚೀಲ. ಬಾ ಅಣ್ಣ, ಒಳಗೆ ಬಾ, ಕಾಫಿ ಮಾಡ್ತೀನಿ ಎಂದಳು. ಅವನು ಕಾರಿನ ಸುತ್ತ ಒಂದು ಸುತ್ತು ಬಂದ, ಮುಂದಿನ ಎಡ ಬಾಗಿಲು ತೆಗೆದು ಕೂತ.

"ಬಂದು ಹೋಗೋ ರೋಗ," ಎಂದ ಎದುರಿನ ಗಾಜು ನೋಡುತ್ತ. "ಬಂದಾಗ ಪಕ್ಕದಲ್ಲಿ ಇರಬೇಕು. ಇಲ್ದಿದ್ರೆ ಕತ್ತಲೇಲಿ ಕಲ್ಲು ಹೊಡ್ದ ಹಾಗೆ. ನಡಿ."

ಹಾಗೆ ಅವನು ಅವಳ ಜೊತೆ ಸುತ್ತತೊಡಗಿದ. ಅವಳು ರೋಗಿಯ ಮನೆಯೊಳಗೆ ಹೋದಾಗ ಅವನು ಕಾರಿನಲ್ಲೇ, ಇಲ್ಲವೇ ಪಕ್ಕದ ಮರದ ನೆರಳಿನಲ್ಲಿ ಇರುತ್ತಿದ್ದ. ಅವಳು ಬಂದು ಕೂತರೆ ಮತ್ತೆ ಅವನ ಕಿವಿ ಎಂಜಿನ್ನಿನ ಕಡೆ. ಮೊದಲ ದಿನ ಇಬ್ಬರೂ ಆಡಿದ ಮಾತು ಹತ್ತು ಬೆರಳಲ್ಲಿ ಎಣಿಸುವಷ್ಟು: ಗೇರ್ ಇಳಿಸು, ಗಾಜು ಏರಿಸು, ಹಾರ್ನ್ ಸಣ್ಣಗೆ ಬಡ್ಕೊತಿದೆ. ಕಾರು ನಿಲ್ಲಲಿಲ್ಲ. ಬೇಕೆಂದೇ ಬಿಸಿಲಲ್ಲಿ ನಿಲ್ಲಿಸಿ ನೋಡಿದರು, ಏರು ರಸ್ತೆಯಲ್ಲಿ ಎರಡೆರಡು ಸಲ ಹತ್ತಿಸಿ ನೋಡಿದರು. ಊಹೂಂ, ಅದು ಮದುವೆ ಹೆಣ್ಣಿನ ಹಾಗೆ ತಲೆ ತಗ್ಗಿಸಿಕೊಂಡು ಓಡಿತು. ಎರಡು ತಿಂಗಳಿಂದ ನಿಲ್ಲದಿರಲಪ್ಪ ಎಂದು ಬೇಡುತ್ತಿದ್ದವಳು ಈಗ ನಿಲ್ಲಲಿ ಎಂದು ಬೇಡಿಕೊಳ್ಳುವಂತಾಯಿತು.

ಎರಡನೆಯ ದಿನವೂ ನಿಲ್ಲಲಿಲ್ಲ. ಮಧ್ಯಾಹ್ನ ಒಂದು ಶಾಲೆಯ ಗೋಡೆಯ ಪಕ್ಕ ಕಾರು ನಿಲ್ಲಿಸಿ ಇಬ್ಬರೂ ಬುತ್ತಿ ಬಿಚ್ಚಿದರು. ಅತ್ತಿಗೆ ಅಣ್ಣನಿಗೆ ಕೈಯಲ್ಲಿ ಹಿಡಿದು ತಿನ್ನುವಂಥದ್ದನ್ನೇ ಕಟ್ಟಿಕೊಟ್ಟಿದ್ದಳು. ಅವನು ಎಡಗೈಯಲ್ಲಿ ತಿಂದ. ನೀರಿನ ಬಾಟಲಿಯ ಮುಚ್ಚಳ ತೆಗೆಯಲು ಹೋದಾಗ ಬಲಗೈ ಬೇಕಾಯಿತು. ಮುಚ್ಚಳ ಬಾಟಲಿಗೆ ಟಕಟಕ ಬಡಿಯಿತು. ಅವಳು ಕಿಟಕಿಯ ಆಚೆ ನೋಡಿದಳು. ಸಹಾಯಕ್ಕೆ ಕೈ ಚಾಚುವುದು ಅವಳಿಗೆ ಉಸಿರಿನಷ್ಟು ರೂಢಿ. ಹಾಗಾಗಿ ತನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ಕೊನೆಗೂ ಮುಚ್ಚಳ ಬಂತು. ಅವನು ನೀರು ಕುಡಿದು, ಬಾಯಿ ಒರೆಸಿಕೊಂಡು, ಗೋಡೆಯನ್ನು ನೋಡುತ್ತಲೇ ಮಾತಾಡಿದ.

"ನೀನು ಅವತ್ತು ಹೇಳಿದ್ದು ಸುಳ್ಳಾಗಿದ್ರೆ ಅವತ್ತೇ ಮರ್ತುಬಿಡ್ತಿದ್ದೆ."

ಅವಳು ಬುತ್ತಿ ಪಕ್ಕಕ್ಕಿಟ್ಟಳು. ಈ ಮಾತಿಗೆ ನಾಲ್ಕು ವರ್ಷದಿಂದ ಉತ್ತರ ಕಟ್ಟಿಕೊಂಡಿದ್ದಳು. ಗಿರಾಕಿಯ ಮಕ್ಕಳ ಜೀವ, ಅಣ್ಣನ ಮಾನ, ತನ್ನ ಕಸುಬಿನ ಧರ್ಮ ಎಲ್ಲ ಅದರಲ್ಲಿತ್ತು. ಈಗ ಬಾಯಿಗೆ ಬಂದದ್ದು ಬೇರೆ.

"ಮಾತು ತಪ್ಪಲ್ಲ ಅಣ್ಣ. ಹೇಳಿದ ಜಾಗ ತಪ್ಪು. ಮನೇಲಿ, ಬಾಗಿಲು ಹಾಕ್ಕೊಂಡು ಹೇಳಬೇಕಿತ್ತು."

ಅವನು ತಲೆಯಾಡಿಸಿದ. ಒಪ್ಪಿದನೋ, ಕೇಳಿಸಿತು ಎಂದನೋ ಅವಳಿಗೆ ತಿಳಿಯಲಿಲ್ಲ. ಶಾಲೆಯೊಳಗೆ ಗಂಟೆ ಹೊಡೆಯಿತು. ಹೊರಡೋಣ, ಎಂಜಿನ್ ತಣ್ಣಗಾಗ್ತಿದೆ ಎಂದ.

ಮೂರನೆಯ ದಿನ ಬಿಸಿಲು ನೆತ್ತಿ ಸುಡುವಂತಿತ್ತು. ಪಾರ್ಶ್ವವಾಯುವಿನ ಮೇಷ್ಟ್ರೊಬ್ಬರ ಮನೆಯಲ್ಲಿ ಅರ್ಧ ಗಂಟೆ ಕಳೆದು ಹೊರಟು, ಮರದ ಅಡ್ಡೆಯ ಹಿಂದಿನ ಖಾಲಿ ರಸ್ತೆಗೆ ಇಳಿದಿದ್ದರು. ಎಂಜಿನ್ ನಿಂತಿತು. ಮುಳ್ಳು ಬಿತ್ತು. ಇಬ್ಬರೂ ಒಟ್ಟಿಗೆ "ಬಂತು" ಎಂದರು. ಅವಳಿಗೆ ನಗು ಬಂತು. ಅಣ್ಣನ ಮೀಸೆಯೂ ಒಂದು ಪಕ್ಕಕ್ಕೆ ಎಳೆದುಕೊಂಡಿತು. ಕಾರನ್ನು ಉರುಳಿಸಿಕೊಂಡು ಪಕ್ಕಕ್ಕೆ ನಿಲ್ಲಿಸಿದಳು. ಅವನು ಆಗಲೇ ಇಳಿದಿದ್ದ.

ಬಟ್ಟೆಚೀಲ ಬಿಚ್ಚಿದ್ದೇ ಮೂವತ್ತು ವರ್ಷದ ಆ ಹಳೆಯ ಮೆಕ್ಯಾನಿಕ್ ಅವನಲ್ಲಿ ಎದ್ದು ಬಂದ. ಬಾನೆಟ್ ಎತ್ತಿಸಿದ. ಹಳೆಯ ಒಂದು ಪ್ಲಗ್ಗನ್ನು ಅವಳ ಕೈಗೆ ಕೊಟ್ಟು, ಒಂದು ವೈರಿನ ತುದಿಗೆ ಸಿಕ್ಕಿಸಿ, ರಬ್ಬರ್ ಹಿಡಿಯ ಇಕ್ಕಳದಿಂದ ಎಂಜಿನ್ನಿನ ಕಬ್ಬಿಣಕ್ಕೆ ತಾಗಿಸಿ ಹಿಡಿಯಲು ಹೇಳಿದ. ತಾನು ಒಳಗೆ ಕೂತು ಕೀ ತಿರುಗಿಸಿದ. "ಕಿಡಿ?" ಎಂದು ಕೂಗಿದ. ಇಲ್ಲ ಎಂದಳು. "ಸರಿಯಾಗಿ ನೋಡು." ಇಲ್ಲವೇ ಇಲ್ಲ. ಪಂಪು ಗುಂಯ್ ಎನ್ನುತ್ತಿತ್ತು, ಎಂಜಿನ್ ಸುತ್ತುತ್ತಿತ್ತು, ಮುಳ್ಳು ಮಾತ್ರ ಸೊನ್ನೆಯಿಂದ ಅಲ್ಲಾಡುತ್ತಿರಲಿಲ್ಲ. ಇಳಿದು ಬಂದು ವಿವರಿಸಿದ. ಎಂಜಿನ್ನಿನೊಳಗೆ ತಿರುಗುವ ಚಕ್ರವನ್ನು ಎಣಿಸುತ್ತ ಕೂರುವ ಸಣ್ಣ ಸೆನ್ಸರ್ ಒಂದಿದೆ. ಈಗ ಕಿಡಿ ಹಾರಿಸು ಎಂದು ಸುದ್ದಿ ಮುಟ್ಟಿಸುವುದು ಅದೇ. ಅದು ಬಿಸಿಯಾದಾಗ ಮೂರ್ಛೆ ಹೋಗುತ್ತಿದೆ, ತಣ್ಣಗಾದರೆ ಎಚ್ಚರ. ಎಣಿಸುವವನೇ ಮಲಗಿದರೆ ಮುಳ್ಳು ಬೀಳದೆ ಏನಾಗುತ್ತದೆ. "ಆದ್ರೆ ಇದು ನನ್ನ ಊಹೆ. ಊಹೆ ಮೇಲೆ ಸಾಮಾನು ಬದಲಾಯಿಸೋಕೆ ಆ ಗ್ಯಾರೇಜಿನವರು ಇದ್ದರಲ್ಲ. ಸಾಕ್ಷಿ ಬೇಕು. ಅದನ್ನ ತಣ್ಣಗೆ ಮಾಡಿ ನೋಡಬೇಕು, ಅದನ್ನೊಂದನ್ನೇ."

"ಐಸ್ ಇದೆ," ಎಂದಳು ಅವಳು.

ಅವನು ಅವಳ ಮುಖ ನೋಡಿದ. ಅವಳು ಡಿಕ್ಕಿಯಿಂದ ಡಬ್ಬ ತಂದಳು. ಸಣ್ಣ ಐಸ್ ಪ್ಯಾಕೊಂದನ್ನು ಒದ್ದೆ ಟವೆಲಿನಲ್ಲಿ ಸುತ್ತಿ ಕೊಟ್ಟಳು.

ಸೆನ್ಸರ್ ಇದ್ದದ್ದು ಎಂಜಿನ್ನೂ ಗೇರ್‌ಬಾಕ್ಸೂ ಕೂಡುವಲ್ಲಿ, ಪೈಪುಗಳ ಹಿಂದಿನ ಸಂದಿಯಲ್ಲಿ. ಅಣ್ಣ ತೋಳು ಮಡಚಿ ಬಲಗೈಯನ್ನು ಇಳಿಬಿಟ್ಟ. ಅದು ಮೊದಲ ಪೈಪಿಗೇ ಬಡಿಯಿತು. ಹಿಂದೆಗೆದು ಮತ್ತೆ ಇಳಿಸಿದ. ಟವೆಲು ವೈರಿಗೆ ಸಿಕ್ಕಿಕೊಂಡಿತು. ಬಿಡಿಸಲು ಹೋದಷ್ಟೂ ನಡುಕ ಹೆಚ್ಚಾಗಿ ಇಡೀ ವೈರಿನ ಗೊಂಚಲು ಅಲುಗಾಡಿತು. ಎಡಗೈ ಹಾಕಿ ನೋಡಿದ. ಆ ಸಂದಿಗೆ ಎಡದಿಂದ ದಾರಿಯಿರಲಿಲ್ಲ. ಬಿಸಿ ಲೋಹ ತಾಗಿ ಮಣಿಕಟ್ಟಿನ ಮೇಲೆ ಕೆಂಪು ಗೆರೆ ಮೂಡಿತು. ಅವಳು ಪಕ್ಕದಲ್ಲೇ ನಿಂತಿದ್ದಳು. ಮರದ ಅಡ್ಡೆಯೊಳಗೆ ಗರಗಸ ಒಂದು ದಿಮ್ಮಿ ಮುಗಿಸಿ ಇನ್ನೊಂದನ್ನು ಶುರು ಮಾಡಿತು.

ಅವನು ಕೈ ಹೊರಗೆಳೆದುಕೊಂಡ. ಅದನ್ನು ಜೇಬಿಗೆ ಹಾಕಲಿಲ್ಲ. ಬಾನೆಟ್ಟಿನ ಅಂಚಿನ ಮೇಲೆ ಇಟ್ಟು, ಯಾರದೋ ವಸ್ತುವನ್ನು ನೋಡುವಂತೆ ನೋಡಿದ.

"ನನ್ನ ಕೈಲಿ ಆಗಲ್ಲ," ಎಂದ. "ನಿನ್ನ ಕೈ ಹಾಕು."

ಅವಳು ಬಳೆ ತೆಗೆದು ಅವನ ಅಂಗೈಯಲ್ಲಿಟ್ಟಳು. ಅವನು ಅವಳ ಭುಜದ ಮೇಲಿಂದ ಬಗ್ಗಿ ದಾರಿ ಹೇಳಿದ. ದಪ್ಪ ಪೈಪಿನ ಹಿಂದೆ. ಇನ್ನೂ ಕೆಳಗೆ. ಬಲಕ್ಕೆ ಹೋಗಬೇಡ, ಅಲ್ಲಿ ಸುಡುತ್ತೆ. ಬೆರಳ ತುದಿಗೆ ಬಾಟಲಿ ಬಿರಡೆ ಥರ ಒಂದು ಸಿಕ್ಕಬೇಕು, ಅದರಿಂದ ಒಂದು ವೈರು ಹೊರಟಿರುತ್ತೆ. ಕಣ್ಣು ಮುಚ್ಚಿಕೋ, ಕಣ್ಣಿಗೆ ಇಲ್ಲಿ ಕೆಲಸ ಇಲ್ಲ. ಅವಳು ಕಣ್ಣು ಮುಚ್ಚಿದಳು. ಚರ್ಮದ ಕೆಳಗೆ ಸ್ನಾಯುವಿನ ಗಂಟು ಹುಡುಕುವ ಬೆರಳುಗಳು ಅವು. ಸಿಕ್ಕಿತು. ಐಸ್ ಸುತ್ತಿದ ಟವೆಲನ್ನು ಅದಕ್ಕೆ ಒತ್ತಿಹಿಡಿದಳು. ತಣ್ಣನೆಯ ನೀರು ತೋಳಿನಿಂದ ಮೊಣಕೈಗೆ ಇಳಿಯಿತು. ಒಂದು ನಿಮಿಷ. ಎರಡು. ಅಣ್ಣ ಅವಳ ಬಳೆಗಳನ್ನು ಹಿಡಿದುಕೊಂಡೇ ನಿಂತಿದ್ದ. ಅವು ಅವನ ಕೈಯಲ್ಲಿ ಸಣ್ಣಗೆ ಸದ್ದು ಮಾಡುತ್ತಿದ್ದವು. ಮೂರು ನಿಮಿಷಕ್ಕೆ, ಕೈ ತೆಗೆ, ದೂರ ನಿಲ್ಲು ಎಂದು ಒಳಗೆ ಹೋಗಿ ಕೀ ತಿರುಗಿಸಿದ.

ಕಾರು ಸ್ಟಾರ್ಟ್ ಆಯಿತು.

ಅವನು ಆಫ್ ಮಾಡಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈ ಇಟ್ಟು ಅದರ ಸದ್ದು ಕೇಳುತ್ತ ಕೂತಿದ್ದ. ಇಳಿದು ಬಂದಾಗ ಅವನ ಕಣ್ಣು ಒದ್ದೆಯಾಗಿತ್ತೋ ಏನೋ. ಅವಳು ಎಣ್ಣೆ ಹತ್ತಿದ ತನ್ನ ತೋಳನ್ನು ಒರೆಸಿಕೊಳ್ಳುವುದರಲ್ಲಿ ತೊಡಗಿದಳು.

ಆ ಸಂಜೆಯೇ ಬಿಡಿಭಾಗದ ಅಂಗಡಿಗೆ ಹೋದರು. ಗುಜರಿಯಿಂದ ತಂದರೆ ಇನ್ನೂ ಅಗ್ಗವಲ್ಲವೇ ಎಂದು ಅವಳು ಕೇಳಿದಳು. ಬಾಗಿಲು, ಕನ್ನಡಿ, ಸೀಟು ಗುಜರಿಯಿಂದ ತರಬಹುದು. ಇದನ್ನು ತಂದರೆ ಇನ್ನೊಬ್ಬರ ರೋಗ ಕೊಂಡುಕೊಂಡ ಹಾಗೆ ಎಂದ ಅಣ್ಣ. ಅವಳು ಹೆದರಿದಷ್ಟು ದುಬಾರಿಯಾಗಿರಲಿಲ್ಲ. ಕೆಡದೆಯೇ ಬದಲಿಸಿದ ಆ ಪಂಪಿನ ಮುಂದೆ ಅದು ಏನೂ ಅಲ್ಲ. ಹೆಬ್ಬೆರಳಿನಷ್ಟು ದೊಡ್ಡ ಕಪ್ಪು ವಸ್ತು. ಅದರ ಪೊಟ್ಟಣವನ್ನು ಅಣ್ಣ ಮನೆಯವರೆಗೂ ಮಡಿಲಲ್ಲಿಟ್ಟುಕೊಂಡಿದ್ದ.

ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಅವಳೇ ಅದನ್ನು ಹಾಕಿದಳು. ಒಂದೇ ಬೋಲ್ಟು. ಅವಳ ಗಂಡ ಕೆಲಸಕ್ಕೆ ಹೊರಟವನು ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತು ನೋಡಿದ. ಭಾವಮೈದುನನ ಮಾತಿಗೆ ಹೆಂಡತಿಯ ಕೈ ಹೀಗೆ ಓಡುವುದನ್ನು ಅವನು ಕಂಡಿರಲಿಲ್ಲ. ತೂಕದ ವಿಷಯ ಎತ್ತದೆ ಬಸ್ಸಿಗೆ ನಡೆದ.

"ಬಿಗಿ ಮಾಡಿದ್ಯಾ?" ಅಣ್ಣ ಕೇಳಿದ.

"ಮಾಡಿದೀನಿ."

"ಇನ್ನೊಂದ್ಸಲ ನೋಡು." ಸ್ವಲ್ಪ ತಡೆದು, "ಮಾಡಿದೀನಿ ಅಂದ್ಕೊಂಡಿರ್ತೀವಿ," ಎಂದ.

ಅವಳು ಸ್ಪ್ಯಾನರ್ ಹಿಡಿದವಳು ಹಾಗೇ ನಿಂತಳು. ಅವನು ಬೇರೆಡೆ ನೋಡುತ್ತಿರಲಿಲ್ಲ, ಅವಳನ್ನೇ ನೋಡುತ್ತಿದ್ದ. ಅವಳು ಮತ್ತೆ ಬಗ್ಗಿ ಕೈ ಇಳಿಸಿದಳು. ಬೋಲ್ಟು ಇನ್ನು ಕಾಲು ಸುತ್ತು ತಿರುಗಿತು.

ಅಂದು ಕಾರು ನಿಲ್ಲಲಿಲ್ಲ. ಮಾರನೆಯ ಬೆಳಿಗ್ಗೆ ಅವನು ಮತ್ತೆ ಮನೆಯ ಗೇಟಿನ ಬಳಿ ಇದ್ದ. ಒಂದು ದಿನ ನಿಲ್ಲಲಿಲ್ಲ ಅಂದ ಮಾತ್ರಕ್ಕೆ ವಾಸಿಯಾಯಿತು ಎನ್ನಲಾದೀತೇ, ಬಂದು ಹೋಗುವ ರೋಗವನ್ನು ಒಂದು ವಾರವಾದರೂ ನೋಡಬೇಕು ಎಂದ. ವಾರ ಕಳೆಯಿತು. ಬಿಸಿಲು ಇನ್ನೂ ಏರಬೇಕು, ಆಮೇಲೆ ಗೊತ್ತಾಗುತ್ತೆ ಎಂದ. ಅವಳು ಹೂಂ ಎಂದಳು. ರೈಲು ಗೇಟಿನ ಆಚೆಯ ರೋಗಿಗಳ ಮನೆಗೂ ಹೋಗಿಬರತೊಡಗಿದರು. ಮಂಡಿ ಬದಲಿಸಿಕೊಂಡ ಅಜ್ಜಿಯೊಬ್ಬರು ಕಾರಿನಲ್ಲಿ ಕೂತಿರುವವರು ಯಾರೆಂದು ಕೇಳಿದಾಗ, ನಮ್ಮ ಅಣ್ಣ, ಗಾಡಿ ಡಾಕ್ಟ್ರು ಎಂದಳು. ಅವರು ಅವನನ್ನು ಒಳಗೆ ಕರೆಸಿ ನಿಂತುಹೋಗಿದ್ದ ತಮ್ಮ ಹೊಲಿಗೆ ಮಿಷನ್ ತೋರಿಸಿದರು. ಅವನು ಅದನ್ನು ಮುಟ್ಟಲಿಲ್ಲ. ಅವರ ಸೊಸೆಯ ಕೈಯಿಂದ ಚಕ್ರ ತಿರುಗಿಸಿ, ಸದ್ದು ಕೇಳಿ, ಎಲ್ಲಿಗೆ ಎಣ್ಣೆ ಬಿಡಬೇಕು, ಯಾವ ತಿರುಪು ಅರ್ಧ ಸುತ್ತು ಸಡಿಲಿಸಬೇಕು ಎಂದು ಹೇಳಿದ. ಸೊಸೆ ಅವನು ಹೇಳಿದಂತೆ ಮಾಡಿದಳು. ಮಿಷನ್ ಓಡಿತು.

ಒಂದು ದಿನ ಹಿಂದಿನ ಸೀಟಿನಲ್ಲಿ ಬಿದ್ದಿದ್ದ ಮರಳು ತುಂಬಿದ ಮಣಿಕಟ್ಟಿನ ಪಟ್ಟಿಯನ್ನು ಎತ್ತಿ ಹಿಡಿದು, ಇದು ಯಾತಕ್ಕೆ ಎಂದು ಕೇಳಿದ. ಕೈ ನಡುಗುವವರಿಗೆ ಎಂದಳು, ರಸ್ತೆಯಿಂದ ಕಣ್ಣು ತೆಗೆಯದೆ. ಭಾರ ಕಟ್ಟಿಕೊಂಡರೆ ನಡುಕ ಕೆಲವರಿಗೆ ಸ್ವಲ್ಪ ತಗ್ಗುತ್ತದೆ. ಅವನು ಅದನ್ನು ಇದ್ದಲ್ಲೇ ಇಟ್ಟ. ಎರಡು ದಿನ ಬಿಟ್ಟು ನೋಡಿದರೆ ಅದು ಅಲ್ಲಿರಲಿಲ್ಲ. ಅವಳು ಹುಡುಕಲಿಲ್ಲ.

ಮೂರನೆಯ ವಾರದ ಒಂದು ಮಧ್ಯಾಹ್ನ, ಊರ ನಡುವಿನ ನಾಲ್ಕು ರಸ್ತೆ ಕೂಡುವಲ್ಲಿ ಕೆಂಪು ದೀಪಕ್ಕೆ ನಿಂತಿದ್ದರು. ಡಾಂಬರು ಕರಗುವಂಥ ಬಿಸಿಲು. ಕಾರು ಮುಕ್ಕಾಲು ಗಂಟೆ ಓಡಿತ್ತು. ಅಣ್ಣ ಒಂದು ಬೆರಳೆತ್ತಿದ, ಕೇಳು ಎಂಬಂತೆ. ಅವಳು ಕಿಟಕಿಯ ಗಾಜು ಏರಿಸಿ ಹೊರಗಿನ ಗಲಾಟೆ ತಗ್ಗಿಸಿದಳು. ಪಾದದ ಕೆಳಗೆ ಎಂಜಿನ್ನಿನ ಮಿಡಿತ ಒಂದೇ ಸಮನೆ ಬರುತ್ತಿತ್ತು, ಎಲ್ಲೂ ತಪ್ಪದೆ, ಎಲ್ಲೂ ತಡವರಿಸದೆ. ಇಬ್ಬರೂ ತಲೆ ಒಂದಿಷ್ಟು ಓರೆ ಮಾಡಿ, ಕಣ್ಣು ಅರ್ಧ ಮುಚ್ಚಿ ಕೇಳುತ್ತ ಕೂತರು. ದೀಪ ಹಸಿರಾಯಿತು. ಪಕ್ಕದ ಸಾಲಿನ ಗಾಡಿಗಳು ಹೊರಟವು. ಇವರಿಬ್ಬರು ಇನ್ನೂ ಕೇಳುತ್ತಲೇ ಇದ್ದರು. ಒಬ್ಬ ಸ್ಕೂಟರಿನವನು ಅವರನ್ನು ಸುತ್ತಿಕೊಂಡು ಹೋಗುವಾಗ ಒಳಗೆ ಇಣುಕಿ ನೋಡಿದ. ಹಿಂದಿನ ಸಾಲಿನಿಂದ ಯಾರೋ ಏನೋ ಕೂಗಿದರು. ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಕೆಂಪಾಯಿತು.